ಒಂಬತ್ತನೆಯ ಜೋಡಿ

ಎರಡು ಬೇರೆ ಬೇರೆ ಸಂಖ್ಯೆಗಳ ಹಿಂದೆ ಇರುವುದು ಒಬ್ಬರದೇ ರಕ್ತ ಎಂದು ಕಂಪ್ಯೂಟರ್ ತೋರಿಸಿದಾಗ ನನಗೆ ಮೊದಲು ಬಂದ ಯೋಚನೆ ಅವಳಿಗಳದ್ದು. ತದ್ರೂಪಿ ಅವಳಿಗಳ ಡಿಎನ್‌ಎ ಒಂದೇ ಇರುತ್ತದೆ, ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಜೋಡಿ ಕಂಡಿತು. ಆಮೇಲೆ ಮತ್ತೊಂದು. ಪಟ್ಟಿ ಮುಗಿಯುವ ಹೊತ್ತಿಗೆ ಒಂಬತ್ತು ಜೋಡಿಗಳಾಗಿದ್ದವು. ಒಂಬತ್ತರಲ್ಲೂ ಒಂದಾದರೂ ರಕ್ತ ನಮ್ಮ ಚಾಮರಾಜಪೇಟೆ ಶಿಬಿರದ್ದು. ಒಂದೇ ಬಡಾವಣೆಯಲ್ಲಿ ಅಷ್ಟು ಅವಳಿಗಳು, ಅದೂ ಎಲ್ಲರೂ ಹುಡುಕಿಕೊಂಡು ನಮ್ಮಲ್ಲಿಗೇ ಬಂದರು ಎಂದರೆ ನಂಬುವುದು ಹೇಗೆ?

ನಾನು ಕೆಲಸ ಮಾಡುವುದು ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯಲ್ಲಿರುವ ಸಣ್ಣ ಸಂಶೋಧನಾ ಕೇಂದ್ರದಲ್ಲಿ. ರಕ್ತ ತೆಗೆಯುವುದು, ಅದರಿಂದ ಡಿಎನ್‌ಎ ಬೇರ್ಪಡಿಸುವುದು ಬೇರೆಯವರ ಪಾಲು. ಬಂದ ಅಂಕಿಗಳನ್ನು ನಂಬುವ ಮೊದಲು ಅನುಮಾನದ ಕಣ್ಣಿಂದ ನೋಡುವುದು ನನ್ನ ಪಾಲು. ಆಗ ನಮ್ಮ ಕೈಯಲ್ಲಿದ್ದದ್ದು ಸಕ್ಕರೆ ಕಾಯಿಲೆಯ ಅಧ್ಯಯನ. ಚಾಮರಾಜಪೇಟೆ, ಎನ್.ಆರ್. ಕಾಲೋನಿ, ಹನುಮಂತನಗರಗಳಲ್ಲಿ ಶಿಬಿರ ಹಾಕಿ, ಕಾಯಿಲೆ ಇರುವವರಿಂದಲೂ ಇಲ್ಲದವರಿಂದಲೂ ರಕ್ತ ಪಡೆದಿದ್ದೆವು. ಮನುಷ್ಯರೆಲ್ಲರ ಡಿಎನ್‌ಎ ಬಹುಪಾಲು ಒಂದೇ ಥರ ಇದ್ದರೂ ಲಕ್ಷಾಂತರ ಜಾಗಗಳಲ್ಲಿ ಒಬ್ಬರದ್ದು ಒಂದು ಅಕ್ಷರ, ಇನ್ನೊಬ್ಬರದ್ದು ಇನ್ನೊಂದು. ಯಾವ ಜಾಗದ ಯಾವ ಅಕ್ಷರ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುತ್ತದೆ ಎಂದು ಒಂದೊಂದೇ ಜಾಗ ಎಣಿಸಿ ನೋಡಬೇಕು. ಫಲಿತಾಂಶ ಚಿತ್ರವಾಗಿ ಬರುತ್ತದೆ. ಒಂದೊಂದು ಜಾಗಕ್ಕೂ ಒಂದೊಂದು ಚುಕ್ಕಿ, ಮೇಲೆ ಅಡ್ಡಲಾಗಿ ಒಂದು ಗೆರೆ. ಲಕ್ಷಾಂತರ ಸಲ ಎಣಿಸಿದಾಗ ಕೆಲವು ಚುಕ್ಕಿಗಳು ಆಕಸ್ಮಿಕವಾಗಿಯೂ ಮೇಲೇಳುತ್ತವೆ. ಅದಕ್ಕೇ ಗೆರೆಯನ್ನು ಬಹಳ ಎತ್ತರದಲ್ಲಿ ಎಳೆದಿರುತ್ತಾರೆ. ಅದನ್ನು ದಾಟಿದ ಚುಕ್ಕಿಯನ್ನಷ್ಟೇ ಜನ ನಂಬುತ್ತಾರೆ.

ನಮ್ಮ ಚಿತ್ರದಲ್ಲಿ ಒಂದು ಚುಕ್ಕಿ ಗೆರೆಯ ಕೆಳಗೆ ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತ್ತು. ನಮ್ಮ ಮುಖ್ಯಸ್ಥರು ದಿನಾ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು ಅದನ್ನು ನೋಡಿಕೊಂಡೇ ತಮ್ಮ ಕೋಣೆಗೆ ಹೋಗುತ್ತಿದ್ದರು.

ಒಂಬತ್ತು ಜೋಡಿ ಸಿಕ್ಕ ಮರುದಿನ ಇನ್ನೊಂದು ಪರೀಕ್ಷೆ ಮಾಡಿದೆ. ಡಿಎನ್‌ಎ ನೋಡಿದರೆ ಅದು ಗಂಡಸಿನದೋ ಹೆಂಗಸಿನದೋ ಗೊತ್ತಾಗುತ್ತದೆ. ಅದನ್ನು ಶಿಬಿರದ ನಮೂನೆಯಲ್ಲಿ ಬರೆದದ್ದರ ಜೊತೆ ಹೋಲಿಸಿದೆ. ಹದಿನೆಂಟು ಕಡೆ ತಾಳೆಯಾಗಲಿಲ್ಲ. ನಮೂನೆಯಲ್ಲಿ ಹೆಣ್ಣು, ರಕ್ತದಲ್ಲಿ ಗಂಡು. ಅಥವಾ ಅದರ ಉಲ್ಟಾ. ಹದಿನೆಂಟೂ ಚಾಮರಾಜಪೇಟೆಯವು.

ಚಾಮರಾಜಪೇಟೆಯಲ್ಲಿ ಎಲ್ಲರ ರಕ್ತ ತೆಗೆದವರು ಒಬ್ಬರೇ ಸಿಸ್ಟರ್. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಎಂಥ ದಪ್ಪ ತೋಳಾದರೂ ಒಂದೇ ಚುಚ್ಚಿಗೆ ನರ ಹಿಡಿಯುತ್ತಿದ್ದರು. ಅವರೊಡನೆ ನನಗೆ ಹೆಚ್ಚು ಬಳಕೆ ಇರಲಿಲ್ಲ, ಆದರೂ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು. ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಾಗ ಆ ಅಭಿಪ್ರಾಯ ಎಷ್ಟು ಬೇಗ ಕರಗಿತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಒಂದು ಸಲ ಶಿಬಿರದಲ್ಲಿ ಜನ ಕಡಿಮೆ ಎಂದು ಅವರು ಬೇಸರಪಟ್ಟಿದ್ದು ನೆನಪಾಯಿತು. ಇನ್ನೊಂದು ದಿನ ಬೇಗ ಮುಗಿಸಿ ಹೊರಟದ್ದೂ ನೆನಪಾಯಿತು. ಮೊದಲು ಸಾಮಾನ್ಯವಾಗಿ ಕಂಡಿದ್ದ ಎಲ್ಲವೂ ಈಗ ಸಾಕ್ಷಿಯ ಹಾಗೆ ಕಾಣತೊಡಗಿತು.

ಮುಖ್ಯಸ್ಥರಿಗೆ ಪಟ್ಟಿ ತೋರಿಸಿದೆ.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ರೀ?" ಎಂದರು. "ಜನ ಬಂದಿಲ್ಲ. ಬಂದೋರ ಹತ್ರಾನೇ ಎರಡೆರಡು ಟ್ಯೂಬ್ ತಗೊಂಡು ಬೇರೆ ಸ್ಟಿಕ್ಕರ್ ಅಂಟ್ಸಿದಾರೆ. ಅದಕ್ಕೇ ಗಂಡ್ಸು ಹೆಂಗ್ಸು ಅದಲು ಬದಲಾಗಿರೋದು."

"ಹಾಗೇ ಅಂತ ಹೇಳೋಕಾಗಲ್ಲ ಸರ್. ನೋಡ್ಬೇಕು."

"ಇನ್ನೇನು ನೋಡ್ತೀರ? ಚಾಮರಾಜಪೇಟೆ ಪೂರ್ತಿ ತೆಗೆದ್ಹಾಕಿ. ಒಂದ್ ಸಲ ಓಡ್ಸಿ ನೋಡಿ, ಏನ್ ಬರುತ್ತೆ ಅಂತ."

ಓಡಿಸಿದೆ. ಚುಕ್ಕಿ ಗೆರೆ ದಾಟಿತು.

ಅವರು ಕುರ್ಚಿಯಿಂದ ಎದ್ದು ನಿಂತರು. "ನೋಡಿದ್ರಾ? ಕೆಟ್ಟ ಸ್ಯಾಂಪಲ್‌ಗಳು ಅದನ್ನ ಕೆಳಗೆ ಎಳೀತಿದ್ವು," ಎಂದರು. ಅವರ ಧ್ವನಿಯಲ್ಲಿದ್ದ ಖುಷಿ ನಿಜವಾದದ್ದು. ಎಷ್ಟೋ ವರ್ಷ ಆ ಅಧ್ಯಯನಕ್ಕಾಗಿ ಓಡಾಡಿದವರು ಅವರು. ಸಿಸ್ಟರಿಗೆ ಕೊಡಬೇಕಾದ ಪತ್ರವನ್ನು ಅವತ್ತೇ ಮಧ್ಯಾಹ್ನ ಬರೆಸಿದರು. ನಂಬಿಕೆಗೆ ಧಕ್ಕೆ, ಸೇವೆ ಸಾಕು, ಎಂಬ ಅರ್ಥದ ನಾಲ್ಕು ವಾಕ್ಯ. ಅಂಕಿಗಳ ಪಟ್ಟಿಯನ್ನು ದೃಢೀಕರಿಸಿ ಅದರ ಕೆಳಗೆ ನಾನು ಸಹಿ ಹಾಕಬೇಕಿತ್ತು.

ನನಗೆ ಸರಿಬೀಳದೇ ಇದ್ದದ್ದು ಆ ಚುಕ್ಕಿಯೇ. ಜನ ಕಡಿಮೆಯಾದರೆ ಚುಕ್ಕಿಗಳು ಸಾಮಾನ್ಯವಾಗಿ ಕೆಳಗಿಳಿಯುತ್ತವೆ. ಇದು ಮೇಲೆದ್ದಿತ್ತು. ಕೆಟ್ಟದ್ದನ್ನು ತೆಗೆದದ್ದಕ್ಕೆ ಎದ್ದಿರಬಹುದು; ನಮಗೆ ಬೇಕಾದ ಕಡೆ ಕತ್ತರಿ ಆಡಿಸಿದ್ದಕ್ಕೂ ಎದ್ದಿರಬಹುದು. ಒಬ್ಬರನ್ನು ಕಳ್ಳರು ಎಂದು ತೀರ್ಮಾನಿಸಿದ ದಿನವೇ ನಮಗೆ ಬೇಕಾದ ಫಲಿತಾಂಶವೂ ಸಿಕ್ಕಿತು ಎಂದರೆ ನನ್ನಂಥ ಕೆಲಸ ಮಾಡುವವರು ಹೆದರಬೇಕು. ಮುಖ್ಯಸ್ಥರ ಮೇಲೆ ಅನುಮಾನ ಬಂತು. ಈ ಫಲಿತಾಂಶದ ಮೇಲೆ ಬರೆಯುವ ಪ್ರಬಂಧದಲ್ಲಿ ನನ್ನ ಹೆಸರೂ ಇರುತ್ತಿದ್ದದ್ದರಿಂದ ನನ್ನ ಮೇಲೂ ಬಂತು.

"ಸರ್, ಸಹಿ ಹಾಕೋ ಮುಂಚೆ ಆ ಪಟ್ಟಿನ ಸಿಸ್ಟರಿಗೆ ಒಂದ್ ಸಲ ತೋರಿಸ್ತೀನಿ," ಎಂದೆ.

"ತೋರ್ಸಿದ್ರೆ ಹುಷಾರಾಗ್ತಾರೆ."

"ಆದ್ರೆ ಆಗ್ಲಿ. ಟ್ಯೂಬ್‌ಗಳು ನಮ್ಮ ಫ್ರೀಜರ್‌ನಲ್ಲಿವೆ, ಅದನ್ನ ಅವರು ಬದಲಾಯಿಸೋಕಾಗಲ್ಲ."

ಒಂದು ದಿನ ಕೊಟ್ಟರು.

ನನ್ನ ಹತ್ತಿರ ಯಾರ ಹೆಸರೂ ಇರುವುದಿಲ್ಲ. ಟ್ಯೂಬಿನ ಮೇಲಿನ ಸ್ಟಿಕ್ಕರ್ ಸಂಖ್ಯೆಗಳಷ್ಟೇ. ಆ ಸಂಖ್ಯೆಗಳಿಗೂ ಬೇಕೆಂದೇ ಯಾವ ಕ್ರಮವನ್ನೂ ಇಟ್ಟಿರುವುದಿಲ್ಲ. ಯಾರದು ಯಾವುದು ಎಂದು ಗೊತ್ತಾಗುವುದು ಶಿಬಿರದ ರಿಜಿಸ್ಟರಿನಲ್ಲಿ. ಅದು ಬೀಗ ಹಾಕಿದ ಬೀರುವಿನಲ್ಲಿರುತ್ತದೆ. ಅದರ ಜವಾಬ್ದಾರಿ ಹೊತ್ತವರ ಎದುರಿಗೇ ತೆಗೆಸಿ ಸಿಸ್ಟರ್ ಮುಂದಿಟ್ಟೆ. ಹೆಸರಿನ ಅಂಕಣಕ್ಕೆ ಬಿಳಿ ಹಾಳೆ ಮುಚ್ಚಿದ್ದೆ.

ನಾನು ವಿಷಯ ಹೇಳಿದ ರೀತಿ ಮೆದುವಾಗಿತ್ತು ಎಂದುಕೊಂಡಿದ್ದೆ. ಅವರಿಗೆ ಹಾಗೆ ಕೇಳಿಸಲಿಲ್ಲ.

"ನಾನು ಸುಳ್ಳು ರಕ್ತ ಕೊಟ್ಟೆ ಅಂತಾನಾ ಮೇಡಂ?"

"ಹಾಗಂತಿಲ್ಲ ಸಿಸ್ಟರ್. ಹೇಗಾಯ್ತು ಅಂತ ಗೊತ್ತಾಗ್ಬೇಕು."

"ಹಾಗೇ ಅಂತಿದೀರ. ಇರ್ಲಿ, ಕೊಡಿ ಪಟ್ಟಿ."

ಕನ್ನಡಕ ಹಾಕಿಕೊಂಡು ಒಂದೊಂದೇ ಸಂಖ್ಯೆಯನ್ನು ರಿಜಿಸ್ಟರಿನ ಸ್ಟಿಕ್ಕರಿನಲ್ಲಿ ಹುಡುಕಿ, ಎದುರಿಗೆ ತಾವೇ ಶಿಬಿರದ ದಿನ ಬರೆದಿದ್ದ ಕ್ರಮಸಂಖ್ಯೆಯನ್ನು ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾ ಹೋದರು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಓದಿ."

ಮೂವತ್ತಮೂರಕ್ಕೆ ನಲವತ್ತೊಂದು. ಮೂವತ್ತನಾಲ್ಕಕ್ಕೆ ನಲವತ್ತೆರಡು. ಮೂವತ್ತೈದಕ್ಕೆ ನಲವತ್ತಮೂರು. ಹೀಗೇ ನಲವತ್ತಕ್ಕೆ ನಲವತ್ತೆಂಟರವರೆಗೆ.

"ಮೋಸ ಮಾಡೋರು ಇಷ್ಟು ಅಚ್ಚುಕಟ್ಟಾಗಿ ಎಂಟೆಂಟು ಜನ ಬಿಟ್ಟು ಮಾಡ್ತಾರಾ ಮೇಡಂ? ಎಂಟು ಜನರನ್ನ ಕಳ್ಸಿ, ಅದೇ ಸಾಲಲ್ಲಿ ಮತ್ತೆ ಕೂರಿಸ್ಬೇಕಿತ್ತು ನಾನು."

ಎಂಟು ಎಂಬ ಸಂಖ್ಯೆ ನೋಡಿದ ತಕ್ಷಣ ನನಗೆ ಪ್ರಯೋಗಾಲಯದ ತಟ್ಟೆ ನೆನಪಾಯಿತು. ನಾವು ಡಿಎನ್‌ಎ ಟ್ಯೂಬುಗಳನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಅಲ್ಲಿ ತೊಂಬತ್ತಾರು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಅದನ್ನು ತುಂಬುತ್ತಾರೆ. ಹನ್ನೆರಡು ಸಾಲು, ಸಾಲಿಗೆ ಎಂಟು ಗುಳಿ. ತುಂಬುವ ಪಿಪೆಟ್ಟಿಗೂ ಎಂಟು ಮೂತಿಗಳು. ಒಂದು ಸಲಕ್ಕೆ ಎಂಟು ಜನರ ಡಿಎನ್‌ಎ ಹೀರಿ ಎಂಟು ಗುಳಿಗೆ ಬಿಡುತ್ತದೆ. ಮೂವತ್ತಮೂರರಿಂದ ನಲವತ್ತರವರೆಗೆ ಎಂದರೆ ಐದನೆಯ ಸಾಲು. ನಲವತ್ತೊಂದರಿಂದ ನಲವತ್ತೆಂಟು ಆರನೆಯದು. ಯಾರೋ ಐದನೆಯ ಸಾಲನ್ನು ತುಂಬಿದ್ದು ಮರೆತು ಅದನ್ನೇ ಎರಡನೆಯ ಸಲ ಹೀರಿ ಆರನೆಯ ಜಾಗಕ್ಕೆ ಬಿಟ್ಟಿದ್ದರೆ, ಅಲ್ಲಿಂದ ಮುಂದೆ ಎಲ್ಲರೂ ಒಂದು ಸಾಲು ಪಕ್ಕಕ್ಕೆ ಸರಿದಿರಬೇಕು. ಸಂಖ್ಯೆ ಒಬ್ಬರದು, ಡಿಎನ್‌ಎ ಎಂಟು ಜನ ಹಿಂದಿನವರದು. ಗಂಡು ಹೆಣ್ಣು ತಾಳೆಯಾಗದ ಹದಿನೆಂಟು ಎಲ್ಲಿಂದ ಬಂದವು ಎಂಬುದೂ ಅಲ್ಲೇ ಇತ್ತು.

ನಂಬಲಿಲ್ಲ. ಚೆನ್ನಾಗಿ ಹೊಂದಿಕೊಳ್ಳುವ ಕಥೆಯನ್ನು ನಾನು ಈಗಾಗಲೇ ಒಂದು ಸಲ ನಂಬಿದ್ದೆ. ಕಂಪ್ಯೂಟರಿನಲ್ಲಿ ಆ ತಟ್ಟೆಯ ಆರನೆಯ ಸಾಲಿನಿಂದ ಹನ್ನೆರಡರವರೆಗಿನ ಫಲಿತಾಂಶಗಳನ್ನು ಒಂದೊಂದು ಸಾಲು ಹಿಂದಕ್ಕೆ ಸರಿಸಿ ಪರೀಕ್ಷೆಯನ್ನು ಮತ್ತೆ ಓಡಿಸಿದೆ. ಹದಿನೆಂಟು ಇದ್ದದ್ದು ಸೊನ್ನೆಯಾಯಿತು. ಆಮೇಲೆ ಫ್ರೀಜರಿಗೆ ಹೋದೆವು. ಆ ಪ್ರಯೋಗಾಲಯ ಕೆಲಸ ಮುಗಿದ ಮೇಲೆ ಉಳಿದ ಟ್ಯೂಬುಗಳನ್ನು ಅದೇ ಜೋಡಣೆಯಲ್ಲಿ ಹಿಂತಿರುಗಿಸಿತ್ತು. ಯಾರೂ ತೆರೆದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಸಿಸ್ಟರ್ ಕೈಗವಸು ಹಾಕಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದರು. ಐದನೆಯ ಸಾಲಿನ ಎಂಟು ಟ್ಯೂಬುಗಳಲ್ಲಿ ಮಟ್ಟ ಬೇರೆಲ್ಲವುಗಳಿಗಿಂತ ಕೆಳಗಿತ್ತು. ಕೊನೆಯ ಸಾಲಿನ ಎಂಟು ಟ್ಯೂಬುಗಳು ನಾವು ಕಳಿಸಿದಾಗ ಹೇಗಿದ್ದವೋ ಹಾಗೇ ಇದ್ದವು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

"ಪಾಪ, ಯಾರಿಗೋ ಫೋನ್ ಬಂದಿರ್ಬೇಕು ಮಧ್ಯದಲ್ಲಿ," ಎಂದರು ಸಿಸ್ಟರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು.

ಏಕೆಂದರೆ ಆ ಹೊತ್ತಿಗೆ ನನಗೆ ಇನ್ನೊಂದು ವಿಷಯ ಹೊಳೆದಿತ್ತು. ತಪ್ಪು ನಡೆದದ್ದು ಹೊರಗಿನ ಪ್ರಯೋಗಾಲಯದಲ್ಲಿ, ನಿಜ. ಆದರೆ ಅದರ ಗುರುತೆಲ್ಲ ಒಬ್ಬ ಸಿಸ್ಟರ್ ಮೇಲೆ ಬಿದ್ದದ್ದು ಯಾಕೆ? ಟ್ಯೂಬುಗಳನ್ನು ಕಳಿಸುವ ಮೊದಲು ಎಲ್ಲ ಶಿಬಿರಗಳನ್ನೂ ಇಸ್ಪೀಟೆಲೆ ಕಲಸುವ ಹಾಗೆ ಕಲಸಬೇಕು. ಯಾವ ತಟ್ಟೆ ಕೆಟ್ಟರೂ ಪೆಟ್ಟು ಎಲ್ಲರಿಗೂ ಸಮನಾಗಿ ಹಂಚಿಹೋಗಲಿ ಎಂದೇ ಆ ನಿಯಮ. ಕಲಸಲು ಒಂದು ವಾರ ಹಿಡಿಯುತ್ತದೆ, ಈ ಸಲ ಡಬ್ಬಿಗಳನ್ನು ಇದ್ದ ಕ್ರಮದಲ್ಲೇ ಕಳಿಸೋಣವೇ ಎಂದು ಡಬ್ಬಿ ಕಟ್ಟುವವರು ಕೇಳಿದಾಗ ಹೂಂ ಅಂದವಳು ನಾನು. ಹಾಗಾಗಿ ಮೊದಲ ತಟ್ಟೆಯಲ್ಲಿ ಚಾಮರಾಜಪೇಟೆ ಬಿಟ್ಟು ಬೇರೇನೂ ಇರಲಿಲ್ಲ.

ಸಿಸ್ಟರಿಗೆ ಅದನ್ನು ಹೇಳಿ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು. ಆಮೇಲೆ, "ಎಂಟು ಜೋಡಿ ಆಯ್ತು. ನಿಮ್ ಪಟ್ಟೀಲಿ ಒಂಬತ್ತಿದೆ," ಎಂದರು.

ನಿಜ ಹೇಳಬೇಕೆಂದರೆ ಒಂಬತ್ತನೆಯದನ್ನು ನಾನು ಮರೆತುಬಿಡಲು ಸಿದ್ಧಳಿದ್ದೆ. ಒಂದು ಟ್ಯೂಬು ಚಾಮರಾಜಪೇಟೆಯದು, ಇನ್ನೊಂದು ಎಂಟು ತಿಂಗಳ ನಂತರ ಹನುಮಂತನಗರದಲ್ಲಿ ತೆಗೆದದ್ದು. ಎರಡೂ ಬೇರೆ ಬೇರೆ ತಟ್ಟೆಯಲ್ಲಿದ್ದವು, ಎರಡೂ ಹೆಣ್ಣು.

"ಅದೂ ಲ್ಯಾಬ್‌ದೇ ಇರ್ಬೇಕು ಬಿಡಿ ಸಿಸ್ಟರ್. ಎಲ್ಲೋ ಒಂದು ಹನಿ ಬಿದ್ದಿರತ್ತೆ. ಯಾಕಂದ್ರೆ ಒಂದ್ರಲ್ಲಿ ಕಾಯಿಲೆ ಇದೆ ಅಂತಿದೆ, ಇನ್ನೊಂದ್ರಲ್ಲಿ ಇಲ್ಲ ಅಂತಿದೆ. ಒಬ್ರೇ ಆಗಿರೋಕೆ ಸಾಧ್ಯ ಇಲ್ಲ."

ಸಿಸ್ಟರ್ ಕೈಗವಸು ತೆಗೆಯುತ್ತಿದ್ದವರು ನಿಂತರು. "ಇಲ್ಲ ಅಂತ ಬಂದಿದ್ಯಾ? ಎರಡನೇದ್ರಲ್ಲಿ? ಆ ಚೀಟಿ ಅವಳ ಕೈಗೆ ಹೋಗಿದ್ಯಾ?"

"ಎಲ್ರಿಗೂ ಹೋಗತ್ತಲ್ಲ, ಲಕೋಟೇಲಿ."

ಅವರು ಫ್ರೀಜರಿನ ಪಕ್ಕದ ಸ್ಟೂಲಿನ ಮೇಲೆ ಕೂತರು. "ಮೇಡಂ, ಅದು ಲ್ಯಾಬ್‌ದಲ್ಲ. ಅದು ನಾನು."

ಹನುಮಂತನಗರದಲ್ಲಿ ಒಂದು ವಾರ ಅಲ್ಲಿನ ಸಿಸ್ಟರ್ ರಜೆ ಹಾಕಿದ್ದಾಗ ಇವರೇ ಹೋಗಿದ್ದರು. ಅಲ್ಲಿ ಒಬ್ಬ ಹೆಂಗಸು ಬಂದು ಕೂತರು. ನೋಡಿದ ಕೂಡಲೇ ಚಾಮರಾಜಪೇಟೆಯವರು ಎಂದು ಗುರುತು ಹತ್ತಿತು. ಹೆಸರು ಬೇರೆ ಹೇಳಿದರು. ಇವರು ಮುಖ ನೋಡಿದಾಗ ಆಕೆ ಮೆಲ್ಲಗೆ, "ವಾರಗಿತ್ತಿ ಹೆಸರು ಸಿಸ್ಟರಮ್ಮ, ಬರ್ಕೊಳಿ, ನಿಮ್ಮ ದಮ್ಮಯ್ಯ," ಎಂದರಂತೆ.

"ಬಿಟ್ಟಿ ಪರೀಕ್ಷೆ, ಇನ್ನೊಂದ್ಸಲ ಮಾಡಿಸ್ಕೊಳ್ಲಿ ಪಾಪ ಅಂದ್ಕೊಂಡೆ. ಬರ್ಕೊಂಡೆ. ಫಲಿತಾಂಶ ಏನ್ ಬಂತು ಅಂತ ನಮಗೆ ತಿಳ್ಸಲ್ವಲ್ಲ. ಅವಳು ಮಾತ್ರೆ ಬಿಟ್ಬಿಟ್ಟಿರ್ತಾಳೆ ಮೇಡಂ. ಖಂಡಿತ ಬಿಟ್ಟಿರ್ತಾಳೆ."

ಅವರು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಳಂಕ ತೊಳೆದು ಐದು ನಿಮಿಷವೂ ಆಗಿರಲಿಲ್ಲ.

ಅಧ್ಯಯನಕ್ಕೆ ಬಂದವರ ಮನೆಗೆ ನಾವು ಹೀಗೆಲ್ಲ ಹೋಗುವಂತಿಲ್ಲ. ಸಂಶೋಧನೆಗಳ ಮೇಲೆ ಕಣ್ಣಿಡುವ ನೀತಿ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿ, ಆರೋಗ್ಯಕ್ಕೆ ಅಪಾಯವಿರಬಹುದು ಎಂದು ಹೇಳಿ ಒಪ್ಪಿಗೆ ಪಡೆದೆವು. ಮರುದಿನ ಬೆಳಗ್ಗೆ ಇಬ್ಬರೂ ಚಾಮರಾಜಪೇಟೆಗೆ ಹೋದೆವು. ಗಲ್ಲಿಯ ಒಳಗೆ ಒಂದು ಬೈಂಡಿಂಗ್ ಅಂಗಡಿ, ಅದರ ಹಿಂದೆಯೇ ಮನೆ. ಆಕೆ ನೆಲದ ಮೇಲೆ ಕೂತು ನೋಟ್‌ಪುಸ್ತಕದ ಹಾಳೆ ಮಡಿಸುತ್ತಿದ್ದರು. ಐವತ್ತರ ಆಸುಪಾಸಿನವರು. ಸಿಸ್ಟರನ್ನು ನೋಡಿ ಮುಖ ಚಿಕ್ಕದಾಯಿತು.

"ಬೈಯೋಕೆ ಬಂದಿಲ್ಲ ಕಣಮ್ಮ," ಎಂದರು ಸಿಸ್ಟರ್. "ಮಾತ್ರೆ ತಗೋತಿದೀಯಾ?"

"ಇಲ್ಲ."

"ಯಾವಾಗ್ನಿಂದ?"

"ನೀವೇ ಚೀಟಿ ಕಳ್ಸಿದ್ರಲ್ಲ, ಸಕ್ಕರೆ ಇಲ್ಲ ಅಂತ. ಅವತ್ನಿಂದ."

ಬೇರೆ ಹೆಸರಿನಲ್ಲಿ ಯಾಕೆ ಬಂದಿರಿ ಎಂದು ನಾನು ಕೇಳಿದೆ. ಆಕೆ ಹಾಳೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಮೊದಲ್ನೇ ಸಲ ಇದೆ ಅಂದ್ರಿ. ನಂಗೇನೂ ಆಗಿರ್ಲಿಲ್ಲ, ಚೆನ್ನಾಗೇ ಇದ್ದೆ. ನಂಬೋದ್ ಹೆಂಗೆ? ಈ ಬೀದೀಲಿ ಎಲ್ರಿಗೂ ಇದೆ ಅಂತಾನೇ ಹೇಳ್ತಾರೆ. ಎಂಟು ತಿಂಗ್ಳು ಮಾತ್ರೆ ನುಂಗಿದೆ, ಅನ್ನ ಬಿಟ್ಟೆ. ಆಮೇಲೆ ಅನ್ನಿಸ್ತು, ನನ್ನ ಹೆಸ್ರು ಹೇಳಿದ್ರೆ ಹಳೇ ಚೀಟಿ ನೋಡಿ ಅದನ್ನೇ ಬರೀತಾರೆ. ಬೇರೆ ಹೆಸ್ರು ಹೇಳಿದ್ರೆ ನಿಜ ಗೊತ್ತಾಗತ್ತೆ ಅಂತ."

ಹೆಸರು ಮುಚ್ಚಿಟ್ಟು ಎರಡನೆಯ ಸಲ ಅಳೆಯುವುದು ನಾನು ಸಂಬಳ ತೆಗೆದುಕೊಂಡು ಮಾಡುವ ಕೆಲಸ. ಆಕೆ ನಮ್ಮನ್ನು ಪರೀಕ್ಷಿಸಿದ್ದರು, ಅಷ್ಟೆ. ಒಂದೇ ಒಂದು ವಿಷಯ ಆಕೆಯ ಲೆಕ್ಕ ತಪ್ಪಿಸಿತ್ತು. ಎರಡು ಪರೀಕ್ಷೆಗಳ ನಡುವೆ ಎಂಟು ತಿಂಗಳ ಮಾತ್ರೆ ಇತ್ತು. ಮಾತ್ರೆಯಿಂದ ಸಕ್ಕರೆ ಹತೋಟಿಗೆ ಬಂದಿತ್ತು. ವಾರಗಿತ್ತಿಗೆ ಮಾತ್ರೆಯಿಲ್ಲವಾದ್ದರಿಂದ ಶಿಬಿರದಲ್ಲಿ ಮಾತ್ರೆ ಇಲ್ಲ ಎಂದೇ ಹೇಳಿದ್ದರು. ನಮ್ಮ ನಮೂನೆ ಅದನ್ನು ನಂಬಿ ಕಾಯಿಲೆ ಇಲ್ಲದವರ ಗುಂಪಿಗೆ ಸೇರಿಸಿತ್ತು.

ಸಿಸ್ಟರ್ ಅಷ್ಟು ಹೊತ್ತಿಗೆ ಬೇರೇನನ್ನೋ ನೋಡಿದ್ದರು. "ಕಾಲು ಮುಂದೆ ಚಾಚು," ಎಂದರು. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಚಪ್ಲಿ ಕಚ್ಚಿದ್ದು, ಹೋಗತ್ತೆ."

"ಎಷ್ಟ್ ದಿನ ಆಯ್ತು?"

"ಮೂರ್ ವಾರ."

ಬಟ್ಟೆ ಬಿಚ್ಚಿದಾಗ ಬಂದ ವಾಸನೆಗೆ ನಾನು ಮುಖ ತಿರುಗಿಸಿದೆ. ಸಿಸ್ಟರ್ ತಿರುಗಿಸಲಿಲ್ಲ. ಚೀಲದಿಂದ ಸಣ್ಣ ಯಂತ್ರ ತೆಗೆದು ಆಕೆಯ ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿ ಕಾದರು. ಬಂದ ಅಂಕಿಯನ್ನು ಆಕೆಗೆ ತೋರಿಸಿದರು. ಆಕೆ ಬಹಳ ಹೊತ್ತು ನೋಡಿದರು.

"ಇದು ಯಾರ ಹೆಸ್ರಲ್ಲಿ ನೋಡಿದ್ದು?"

"ನಿನ್ನ ಹೆಸ್ರಲ್ಲೇ ಕಣಮ್ಮ. ಏಳು, ಆಸ್ಪತ್ರೆಗೆ ಹೋಗೋಣ."

ಆಟೋ ಹಿಡಿದು ಹೋದೆವು. ಇನ್ನೊಂದು ವಾರ ಬಿಟ್ಟಿದ್ದರೆ ಬೆರಳು ಉಳಿಯುವುದು ಕಷ್ಟವಿತ್ತು ಎಂದು ಅಲ್ಲಿನ ವೈದ್ಯರು ಹೇಳಿದರು. ಬೆರಳು ಉಳಿಯಿತು. ಸಿಸ್ಟರ್ ದಿನ ಬಿಟ್ಟು ದಿನ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿದರು. ನಾವು ಅವರನ್ನು ಕಳಿಸಿದ್ದಲ್ಲ.

ಹೊರಗಿನ ಪ್ರಯೋಗಾಲಯ ಮೊದಲು ತಮ್ಮಲ್ಲಿ ಹಾಗಾಗುವುದೇ ಇಲ್ಲ ಎಂದಿತು. ಟ್ಯೂಬುಗಳ ಫೋಟೋ ಕಳಿಸಿದ ಮೇಲೆ ಟ್ಯೂಬುಗಳನ್ನು ಮತ್ತೆ ತರಿಸಿಕೊಂಡು ಆ ತಟ್ಟೆಯನ್ನು ಹೊಸದಾಗಿ ತುಂಬಿ ಓದಿಕೊಟ್ಟಿತು. ನಾನು ಸರಿಸಿದ್ದ ಫಲಿತಾಂಶಗಳಿಗೂ ಅದಕ್ಕೂ ಪೂರ್ತಿ ತಾಳೆಯಾಯಿತು. ಚಾಮರಾಜಪೇಟೆಯ ಎಲ್ಲರನ್ನೂ ಅವರವರ ಸಂಖ್ಯೆಯಲ್ಲಿ ಸೇರಿಸಿ, ವಾರಗಿತ್ತಿಯ ಹೆಸರಿನ ಒಂದು ಟ್ಯೂಬನ್ನು ಮಾತ್ರ ಬಿಟ್ಟು ಓಡಿಸಿದೆ. ಚುಕ್ಕಿ ಮೊದಲಿದ್ದ ಜಾಗಕ್ಕಿಂತಲೂ ಕೆಳಗಿಳಿಯಿತು. ಬೇರೆ ಸಾವಿರಾರು ಚುಕ್ಕಿಗಳ ನಡುವೆ ಅದನ್ನು ಹುಡುಕಿ ತೋರಿಸಬೇಕಾಯಿತು. ಮುಖ್ಯಸ್ಥರು ಎರಡು ದಿನ ನನ್ನ ಮೇಜಿನ ಹತ್ತಿರ ಬರಲಿಲ್ಲ. ಮೂರನೆಯ ದಿನ ಬಂದು ಸಿಸ್ಟರಿನ ಪತ್ರವನ್ನು ನನ್ನೆದುರೇ ಹರಿದು, "ಮುಂದಿನ ಸಲ ಕಲಸಿ ಕಳ್ಸಿ," ಎಂದಷ್ಟೇ ಹೇಳಿ ಹೋದರು.

ಸಮಿತಿಗೆ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ವಿಜ್ಞಾನಿಗಳಲ್ಲದ ಸದಸ್ಯರೂ ಇರುವುದರಿಂದ ಕನ್ನಡದಲ್ಲೂ ಒಂದು ಪ್ರತಿ ಮಾಡಬೇಕು. ಅದನ್ನು ಕಳಿಸುವ ಮೊದಲು ಸಿಸ್ಟರಿಗೆ ಓದಲು ಕೊಟ್ಟೆ. ಅವರ ಹೇಳಿಕೆಯೂ ಅದರಲ್ಲಿತ್ತು, ಸಹಿ ಬೇಕಿತ್ತು. ಸಮಿತಿ ಅವರನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತದೋ ಇಲ್ಲವೋ ಆಗ ಇನ್ನೂ ಗೊತ್ತಿರಲಿಲ್ಲ. ಅವರು ಮೂರು ಪುಟವನ್ನೂ ನಿಧಾನವಾಗಿ ಓದಿದರು.

"ಎಲ್ಲ ಸರಿಯಾಗಿದೆ ಮೇಡಂ. ನಾನು ಗೊತ್ತಿದ್ದೂ ಸುಳ್ಳು ಹೆಸ್ರು ಬರ್ಕೊಂಡೆ ಅಂತಿದೆ. ಅದು ನಿಜ. ಲ್ಯಾಬ್‌ನೋರು ಒಂದು ಸಾಲು ಎರಡು ಸಲ ತುಂಬಿದ್ರು ಅಂತಿದೆ. ಅದೂ ನಿಜ. ನೀವು ಕಲಸ್ದೇ ಕಳ್ಸಿದ್ದು ಎಲ್ಲಿದೆ?"

ಎರಡನೆಯ ಪುಟದ ಕೊನೆಯ ಸಾಲನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"'ಮಾದರಿಗಳನ್ನು ಸಂಗ್ರಹಿಸಿದ ಕ್ರಮದಲ್ಲಿಯೇ ಕಳುಹಿಸಲಾಗಿತ್ತು.'" ತಲೆಯೆತ್ತಿ ನನ್ನನ್ನು ನೋಡಿದರು. "ಕಳುಹಿಸಲಾಗಿತ್ತು. ಯಾರು ಕಳ್ಸಿದ್ದು?"

ನಾನು ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ಮಾದರಿಗಳನ್ನು ಕಲಸದೆ ಕಳಿಸಲು ಒಪ್ಪಿದವಳು ನಾನು. ಅದರಿಂದಾಗಿಯೇ ತಪ್ಪೆಲ್ಲ ಚಾಮರಾಜಪೇಟೆಯ ಸಿಸ್ಟರ್ ಮೇಲೆ ಬಂತು.

ಅವರು ಅದನ್ನೂ ಒಮ್ಮೆ ಓದಿಕೊಂಡರು. ಆಮೇಲೆ ಪೆನ್ನಿಗಾಗಿ ಕೈ ಚಾಚಿದರು.